ನಲವತ್ತೆಂಟು ಕಿಲೋ

"ನಿಮ್ಮ ತೂಕ ಎಷ್ಟು?"

ಮೂವತ್ತು ವರ್ಷದ ಹಿಂದೆ ಅವನು ಅವಳ ಹತ್ತಿರ ಆಡಿದ ಮೊಟ್ಟಮೊದಲ ಮಾತು ಇದು. ಪರಿಚಯವಿಲ್ಲ, ಹೆಸರು ಕೇಳುವ ಸೌಜನ್ಯವಿಲ್ಲ, ಸೀದಾ ತೂಕಕ್ಕೇ ಕೈ ಹಾಕಿದ್ದ. ಹೆಣ್ಣುಮಕ್ಕಳ ವಯಸ್ಸು ಕೇಳಿ ಬೈಸಿಕೊಳ್ಳುವವರು ಬೇಕಾದಷ್ಟು ಜನ ಇದ್ದಾರೆ. ಈ ಮಹಾನುಭಾವ ಅವರಿಗಿಂತ ಒಂದು ಹೆಜ್ಜೆ ಮುಂದೆ.

ಅವಳಿಗೆ ಆಗ ಇಪ್ಪತ್ತೆರಡು. ಸಿನಿಮಾ ಟಾಕೀಸಿನ ಟಿಕೆಟ್ ಕೌಂಟರಿನಲ್ಲಿ ಕೆಲಸ. ಮ್ಯಾಟಿನಿಗೆ ಇನ್ನೂ ಒಂದು ಗಂಟೆಯಿತ್ತು. ನೆಲ ಒರೆಸಿದ ಫಿನಾಯಿಲ್ ವಾಸನೆ ಲಾಬಿಯಲ್ಲೆಲ್ಲ ತುಂಬಿತ್ತು. ಅಲ್ಲೊಂದು ಮೂಲೆಯಲ್ಲಿ ತೂಕದ ಯಂತ್ರ ನಿಂತಿತ್ತು. ನಾಣ್ಯ ಹಾಕಿದರೆ ಬಣ್ಣದ ದೀಪಗಳು ಸುತ್ತಿ, ಟಕ್ ಎಂದು ಚೀಟಿ ಬೀಳುವಂಥದ್ದು. ಕೆಟ್ಟು ತಿಂಗಳಾಗಿತ್ತು. ಅದನ್ನು ರಿಪೇರಿ ಮಾಡಲು ಬಂದ ಹುಡುಗ ಬೆಳಗಿನಿಂದ ಅದರ ಬೆನ್ನು ಬಿಚ್ಚಿಕೊಂಡು ಕೂತಿದ್ದ. ಕೂತವನು ಯಂತ್ರವನ್ನು ಎಷ್ಟು ನೋಡಿದನೋ, ಕೌಂಟರಿನ ಕಿಟಕಿಯನ್ನೂ ಅಷ್ಟೇ ನೋಡಿದ್ದ. ಅದು ಅವಳ ಗಮನಕ್ಕೆ ಬಂದಿರಲಿಲ್ಲವೇ? ಬಂದಿತ್ತು. ಚಿಲ್ಲರೆಯನ್ನು ಮೂರು ಸಲ ಎಣಿಸಿದರೂ ಪ್ರತಿ ಸಲ ಬೇರೆ ಬೇರೆ ಮೊತ್ತ ಬಂದದ್ದು ಸುಮ್ಮನೆಯೇ?

ಆಮೇಲೆ ಅವನು ಎದ್ದು ಬಂದ. ಮೊಣಕೈವರೆಗೂ ಗ್ರೀಸು, ಕಿವಿಯ ಹಿಂದೆ ಪೆನ್ಸಿಲು. ಕಿಟಕಿಗೆ ಬಗ್ಗಿ ಆ ಪ್ರಶ್ನೆ ಕೇಳಿದ.

"ಏನ್ರೀ, ಮೊದಲ ಸಲ ಮಾತಾಡ್ಸೋರು ಕೇಳೋ ಮಾತಾ ಇದು?" ಎಂದಳು ಅವಳು.

"ತಪ್ಪು ತಿಳ್ಕೋಬೇಡಿ. ಯಂತ್ರ ಸರಿ ಇದೆಯಾ ನೋಡೋಕೆ ಗೊತ್ತಿರೋ ತೂಕ ಒಂದು ಬೇಕು. ತೂಕದ ಕಲ್ಲಿನ ಚೀಲ ನಮ್ಮ ಮೇಸ್ತ್ರಿ ಬೇರೆ ಕಡೆ ತಗೊಂಡು ಹೋಗಿದ್ದಾರೆ."

"ನಿಮ್ಮ ತೂಕ ನಿಮಗೆ ಗೊತ್ತಿಲ್ವಾ?"

"ಗೊತ್ತು. ಆದರೆ ನಾನು ಹಿಂದೆ ನಿಂತು ಸ್ಕ್ರೂ ತಿರುಗಿಸಬೇಕಲ್ಲ. ಎರಡು ಕಡೆ ನಾನೊಬ್ಬನೇ ಹೇಗೆ ನಿಲ್ಲಲಿ?"

ಮಾತಿನಲ್ಲಿ ಸೋಲುವ ಹುಡುಗನಲ್ಲ. ಅವಳು ಮುಖ ಗಂಟಿಕ್ಕಿಕೊಂಡೇ ಹೊರಗೆ ಬಂದಳು. ಚಪ್ಪಲಿ ಬಿಟ್ಟು ಯಂತ್ರದ ಮೇಲೆ ಹತ್ತಿದಳು.

"ನಲವತ್ತೆಂಟು," ಎಂದಳು ಮೆಲ್ಲಗೆ.

ಅದು ಸುಳ್ಳು. ನಿಜವಾದದ್ದಕ್ಕಿಂತ ಮೂರು ಕಿಲೋ ಕಡಿಮೆ. ಗ್ರೀಸು ಮೆತ್ತಿಕೊಂಡ ಈ ಹುಡುಗನ ಮುಂದೆ ಆ ಮೂರು ಕಿಲೋ ಯಾಕೆ ಬಚ್ಚಿಟ್ಟಳೋ ಅವಳಿಗೇ ಗೊತ್ತಿಲ್ಲ. ಅವನು ಯಂತ್ರದ ಹಿಂದೆ ಹೋಗಿ ಏನೋ ತಿರುಗಿಸಿದ. ದೀಪ ಸುತ್ತಿತು, ಟಕ್ ಎಂದು ಚೀಟಿ ಬಿತ್ತು. ನಲವತ್ತೆಂಟು ಎಂದು ಅಚ್ಚಾಗಿತ್ತು.

"ನೋಡಿ, ಯಂತ್ರ ಈಗ ನಿಮ್ಮ ಮಾತು ಕೇಳುತ್ತೆ," ಎಂದು ಅವನು ಚೀಟಿಯನ್ನು ಅವಳಿಗೆ ಕೊಡದೆ ತನ್ನ ಜೇಬಿಗೆ ಹಾಕಿಕೊಂಡ.

ಮರುದಿನ ಯಂತ್ರ ನೋಡುವ ನೆವದಲ್ಲಿ ಬೆಳಗ್ಗೆ ಮೊದಲ ಆಟಕ್ಕೂ ಮುಂಚೆ ಬಂದ. ಆಮೇಲೆ ಸಿನಿಮಾ ನೋಡುವ ನೆವದಲ್ಲಿ ಬಂದ. ಒಂದೇ ಸಿನಿಮಾ ಹನ್ನೊಂದು ಸಲ ನೋಡಿದ ಮೇಲೆ ನೆವ ಸಾಕಾಗಿ, ಕಿಟಕಿಗೆ ಬಗ್ಗಿ, "ನಲವತ್ತೆಂಟು, ನನ್ನನ್ನ ಮದುವೆ ಆಗ್ತೀಯಾ?" ಎಂದು ಕೇಳಿದ. ಹಿಂದೆ ಕ್ಯೂನಲ್ಲಿ ನಿಂತಿದ್ದವರು, "ಬೇಗ ಹೇಳಮ್ಮ, ಸಿನಿಮಾ ಶುರುವಾಗುತ್ತೆ," ಎಂದರು.

ಅಂದಿನಿಂದ ಅವಳ ಹೆಸರು ನಲವತ್ತೆಂಟು. ಹೆತ್ತವರು ಇಟ್ಟ ಹೆಸರು ರೇಷನ್ ಕಾರ್ಡಿಗೆ, ಬ್ಯಾಂಕಿಗೆ. ಗಂಡನ ಬಾಯಲ್ಲಿ ಮಾತ್ರ ಇದೇ. ತುಂಬು ಬಸುರಿಯಾಗಿ ಮೆಟ್ಟಿಲು ಹತ್ತಲಾಗದೆ ಏದುಸಿರು ಬಿಡುತ್ತಿದ್ದಾಗಲೂ, "ಮೆಲ್ಲಗೆ ಬಾ ನಲವತ್ತೆಂಟು," ಎನ್ನುತ್ತಿದ್ದ. ಮಗಳು ಹುಟ್ಟಿದಾಗ ಆಸ್ಪತ್ರೆಯ ತಕ್ಕಡಿಯನ್ನು ನಂಬದೆ ತನ್ನದೇ ತಂದು ತೂಗಿ ನರ್ಸಮ್ಮನ ಹತ್ತಿರ ಬೈಸಿಕೊಂಡಿದ್ದ. ಪುಣ್ಯಾತ್ಮ.

ಕಾಲ ನಿಲ್ಲುತ್ತದೆಯೇ? ಟಾಕೀಸು ಮುಚ್ಚಿತು. ಅವಳು ಬಸ್ ನಿಲ್ದಾಣದ ಟಿಕೆಟ್ ಕೌಂಟರಿಗೆ ಹೋದಳು. ಅಲ್ಲಿ ಕಿಟಕಿ, ಇಲ್ಲಿಯೂ ಕಿಟಕಿ. ಕೂತಲ್ಲೇ ಕೂತು ಇಪ್ಪತ್ತು ವರ್ಷ ಕಳೆಯಿತು. ಅವನು ಸ್ವಂತ ಅಂಗಡಿ ಹಾಕಿದ. ತಕ್ಕಡಿ ರಿಪೇರಿಯವನು ಸ್ಕ್ರೂ ವಿಷಯದಲ್ಲಿ ಯಾರ ಮುಲಾಜಿಗೂ ಬಗ್ಗುವುದಿಲ್ಲ ಎಂದು ಪೇಟೆಯಲ್ಲೆಲ್ಲ ಹೆಸರಾಯಿತು. ಮಗಳು ಬೆಳೆದು, ಓದಲು ಹಾಸ್ಟೆಲಿಗೆ ಹೋದಳು.

ನಲವತ್ತೊಂಬತ್ತನೆಯ ವಯಸ್ಸಿಗೆ ಅವಳ ಮುಟ್ಟು ನಿಂತಿತು. ತಿಂಗಳ ತಲೆನೋವು ತಪ್ಪಿತು ಎಂದು ಮೊದಮೊದಲು ಖುಷಿಪಟ್ಟಳು. ಆಮೇಲೆ ಮೈ ತನ್ನ ಮಾತು ಕೇಳುವುದನ್ನೇ ಬಿಟ್ಟಿತು. ಕೂತಲ್ಲಿ ಮೈಯೆಲ್ಲ ಬಿಸಿಯೇರಿ ಬೆವರು ಇಳಿಯುವುದು, ನಿಂತಲ್ಲಿ ಕಣ್ಣು ತುಂಬುವುದು. ಊಟ ಮೊದಲಿನಷ್ಟೇ, ಆದರೆ ಸೊಂಟದ ಸುತ್ತ ಮಾತ್ರ ದಿನದಿನಕ್ಕೂ ಏರಿಕೆ. ಬಟ್ಟೆಯೊಂದೂ ಹಿಡಿಸದಾಯಿತು. ಕನ್ನಡಿಯ ಮುಂದೆ ದೀಪ ಆರಿಸಿ ಬಟ್ಟೆ ಬದಲಿಸುವುದನ್ನು ಕಲಿತಳು.

ಇವೆಲ್ಲವನ್ನೂ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದಳೇನೋ. ಆದರೆ ಇನ್ನೊಂದಿತ್ತು. ಗಂಡ ಹತ್ತಿರ ಬಂದಾಗ ನೋವು. ಎಂದೂ ಇಲ್ಲದ ಉರಿ, ಒಣಗಿದ ಗಾಯ ಕೆರೆದ ಹಾಗೆ. ತುಟಿ ಕಚ್ಚಿಕೊಂಡು ಸುಮ್ಮನಿದ್ದಳು. ಎರಡನೆಯ ಸಲ, ಮೂರನೆಯ ಸಲವೂ ಅಷ್ಟೇ. ಯಾರ ಹತ್ತಿರ ಹೇಳುವುದು? ದಪ್ಪಗಾದೆ, ಅದಕ್ಕೇ ಹೀಗೆ, ಹೆಣ್ಣಾಗಿ ನನ್ನದು ಮುಗಿಯಿತು ಎಂದು ಅವಳೇ ತೀರ್ಪು ಬರೆದುಕೊಂಡಳು.

ಅದೇ ಸಮಯದಲ್ಲಿ ಬಟ್ಟೆ ಅಂಗಡಿಯಲ್ಲೊಂದು ಪ್ರಸಂಗ ನಡೆಯಿತು. ಅವಳು ಒಳಗೆ ಬಟ್ಟೆ ಹಾಕಿ ನೋಡುತ್ತಿದ್ದಾಗ ಹೊರಗಿನಿಂದ ಗಂಡ, "ಆಯ್ತಾ ನಲವತ್ತೆಂಟು?" ಎಂದು ಕೂಗಿದ. ಹೊರಗೆ ಬಂದ ಅವಳನ್ನು ಸೇಲ್ಸ್ ಹುಡುಗಿ ಮೇಲಿಂದ ಕೆಳಗೆ ನೋಡಿ ಕಿಸಕ್ಕನೆ ನಕ್ಕಳು. ಅವನು ಆ ನಗುವನ್ನೂ ನೋಡಿದ, ಹೆಂಡತಿಯ ಮುಖವನ್ನೂ ನೋಡಿದ. ಅಂದಿನಿಂದ ಆ ಹೆಸರು ಅವನ ಬಾಯಲ್ಲಿ ಬರಲಿಲ್ಲ. "ಕೇಳಿಸ್ತಾ", "ಇಲ್ಲಿ ನೋಡು" ಎಂದು ಕರೆಯತೊಡಗಿದ. ಅವನಿಗೂ ನಾಚಿಕೆಯಾಯಿತು ಎಂದುಕೊಂಡಳು ಅವಳು.

ಮಗಳ ಕೋಣೆ ಖಾಲಿಯಿತ್ತು. ಒಂದು ದಿನ ದಿಂಬು ಎತ್ತಿಕೊಂಡು, "ಅಲ್ಲಿ ಫ್ಯಾನ್ ಜೋರಾಗಿ ತಿರುಗುತ್ತೆ ರೀ, ನನಗೆ ಸೆಖೆ," ಎಂದಳು. ಅವನು ಬೇಡ ಎನ್ನಲಿ, ಯಾಕೆ ಎಂದು ಒಂದು ಸಲ ಕೇಳಲಿ ಎಂದು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತೂ ಇದ್ದಳು. ಅವನು "ಸರಿ" ಎಂದ. ಅದಾಗಿ ಎರಡು ವರ್ಷವಾಯಿತು.

ಒಂದೇ ಮನೆ, ಒಂದೇ ಕಾಫಿ ಪುಡಿ ಡಬ್ಬ, ಹಾಸಿಗೆ ಮಾತ್ರ ಎರಡು. ಆ ಕೋಣೆಯಲ್ಲಿ ಮಲಗಿ ಅವಳು ಟಾಕೀಸಿನ ಲಾಬಿಯನ್ನು ನೆನೆಸಿಕೊಳ್ಳುತ್ತಿದ್ದಳು. ಫಿನಾಯಿಲ್ ವಾಸನೆ, ಸುತ್ತುವ ದೀಪ, ಕಿವಿಯ ಹಿಂದಿನ ಪೆನ್ಸಿಲು. ಆ ಹುಡುಗ ಮೆಚ್ಚಿದ್ದು ನಲವತ್ತೆಂಟು ಕಿಲೋ ಹುಡುಗಿಯನ್ನು. ಅವಳು ಈಗೆಲ್ಲಿ? ದಿಂಬಿಗೆ ಮುಖ ಒತ್ತಿ ಅತ್ತದ್ದುಂಟು.

ಕೊನೆಗೆ ಡಾಕ್ಟರ ಹತ್ತಿರ ಕಳಿಸಿದ್ದು ಅಕ್ಕ. ಫೋನಿನಲ್ಲಿ ಏನೋ ಮಾತಿಗೆ ಅವಳು ದನಿ ಒಡೆದು ನೋವಿನ ವಿಷಯ ಬಾಯಿಬಿಟ್ಟಾಗ, "ನೋಡೇ, ನನಗೂ ಆಗಿತ್ತು. ನಾನೂ ನಿನ್ನ ಹಾಗೇ ಬಾಯಿಗೆ ಬೀಗ ಹಾಕ್ಕೊಂಡು ಆರು ವರ್ಷ ಹಾಳು ಮಾಡ್ಕೊಂಡೆ. ನೀನು ನಾಳೇನೇ ಹೋಗು," ಎಂದು ಗದರಿದಳು.

ಡಾಕ್ಟರಮ್ಮ ವಯಸ್ಸಾದವರು, ನಿಧಾನದವರು. ಪರೀಕ್ಷೆ ಮಾಡಿ, ಕೈ ತೊಳೆದುಕೊಂಡು ಬಂದು ಎದುರಿಗೆ ಕೂತರು.

"ಮುಟ್ಟು ನಿಂತ ಮೇಲೆ ಒಂದು ಹಾರ್ಮೋನು ಕಮ್ಮಿ ಆಗುತ್ತಮ್ಮ. ಅದಕ್ಕೇ ಅಲ್ಲಿನ ಚರ್ಮ ತೆಳ್ಳಗಾಗಿ ಒಣಗಿದೆ. ನಿಮ್ಮ ತಪ್ಪೇನೂ ಇಲ್ಲ. ಹಚ್ಚೋಕೆ ಕ್ರೀಮ್ ಬರೆದುಕೊಡ್ತೀನಿ. ಕೆಲವು ವಾರದಲ್ಲಿ ವ್ಯತ್ಯಾಸ ನಿಮಗೇ ಗೊತ್ತಾಗುತ್ತೆ. ಜೊತೆಗೆ ಒಂದು ಜೆಲ್, ಅದು ಬೇಕಾದಾಗ."

ಇಷ್ಟೇನಾ, ಎರಡು ವರ್ಷದ ಕಣ್ಣೀರಿಗೆ ಎರಡು ಟ್ಯೂಬಾ, ಎಂದು ಅವಳು ಅವರ ಮುಖವನ್ನೇ ನೋಡಿದಳು.

"ನಾನು ದಪ್ಪ ಆಗಿದ್ದಕ್ಕಲ್ವಾ ಡಾಕ್ಟ್ರೇ?"

"ಅಲ್ಲ. ಸಣ್ಣಗಿರೋರೂ ಇದೇ ತೊಂದರೆ ಅಂತ ಬರ್ತಾರೆ. ಮೈ ಬಂದಿರೋದು ಬೇರೆ ವಿಷಯ, ಅದನ್ನೂ ನೋಡೋಣ. ಮಂಡಿಗೆ, ಶುಗರಿಗೆ ಒಳ್ಳೇದು. ಸ್ವಲ್ಪ ಇಲ್ಲಿ ನಿಂತ್ಕೊಳ್ಳಿ."

ಮೂಲೆಯ ತೂಕದ ಯಂತ್ರದ ಮೇಲೆ ನಿಂತಳು. ಎಪ್ಪತ್ತೊಂದು. ಅವಳಿಗೆ ನಗು ಬಂತು.

"ನಿಮ್ಮ ಯಂತ್ರ ಕೆಟ್ಟಿದೆ. ನಮ್ಮನೇಲಿ ಬೆಳಗ್ಗೆ ತಾನೆ ಅರವತ್ತಾರು ಇದ್ದೆ. ನಮ್ಮ ಯಜಮಾನ್ರು ತಕ್ಕಡಿ ರಿಪೇರಿ ಮಾಡೋರು, ಮನೇದು ತಪ್ಪಾಗೋಕೆ ಸಾಧ್ಯನೇ ಇಲ್ಲ."

"ಹೌದಾ? ಇದನ್ನ ಹೋದ ತಿಂಗಳು ತಾನೆ ಚೆಕ್ ಮಾಡಿಸಿದ್ದೀನಲ್ಲಮ್ಮ."

ಅವಳು ಬಗ್ಗಿ ನೋಡಿದಳು. ಯಂತ್ರದ ಪಕ್ಕದಲ್ಲಿ ಸ್ಟಿಕ್ಕರು. ಅದರ ಮೇಲೆ ಹೋದ ತಿಂಗಳ ತಾರೀಖು, ಕೆಳಗೆ ಗಂಡನ ಸಹಿ. ಮೂವತ್ತು ವರ್ಷದಿಂದ ನೋಡಿದ ಸಹಿ, ಗುರುತು ಸಿಗದೇ ಇರುತ್ತದೆಯೇ?

ಇದು ಸರಿಯಾದರೆ ಮನೆಯದು ಸುಳ್ಳು. ಮನೆಯ ಯಂತ್ರದ ಸ್ಕ್ರೂ ಮುಟ್ಟುವವನು ಒಬ್ಬನೇ.

"ಈ ತೊಂದರೆ ಯಜಮಾನರಿಗೆ ಹೇಳಿದ್ದೀರಾ?" ಎಂದು ಕೇಳಿದರು ಡಾಕ್ಟರಮ್ಮ, ಚೀಟಿ ಬರೆಯುತ್ತ.

"ಏನಂತ ಹೇಳಲಿ?"

"ನೋವಾಗುತ್ತೆ ಅಂತ. ನನಗೆ ಹೇಳಿದ್ರಲ್ಲ, ಹಾಗೇ."

ಕೆಳಗಿನ ಮೆಡಿಕಲ್ಲಿನಲ್ಲಿ ಎರಡು ಟ್ಯೂಬನ್ನೂ ಕೊಂಡು ಹೊರಟಳು. ಆಸ್ಪತ್ರೆಯಿಂದ ಗಂಡನ ಅಂಗಡಿಗೆ ಹತ್ತು ನಿಮಿಷದ ದಾರಿ. ಅವಳು ಐದೇ ನಿಮಿಷದಲ್ಲಿ ನಡೆದಳು. ಕೋಪ ಇದ್ದರೆ ಮಂಡಿನೋವು ನೆನಪಾಗುವುದಿಲ್ಲ. ಅಂಗಡಿಯ ಬಾಗಿಲಲ್ಲಿ ಹಣ್ಣಿನ ವ್ಯಾಪಾರಿಯೊಬ್ಬ ಗಂಡನ ಮುಂದೆ ಕೈ ಹೊಸೆಯುತ್ತ ನಿಂತಿದ್ದ.

"ನೂರು ಗ್ರಾಂ ಅಷ್ಟೇ ಅಣ್ಣ. ಒಂಚೂರು ತಿರುಗಿಸಿಬಿಡಿ. ಯಾರ ಕಣ್ಣಿಗೂ ಕಾಣಲ್ಲ."

"ಕಣ್ಣಿಗೆ ಕಾಣಲ್ಲ ಅಂತಾನೇ ತಕ್ಕಡಿ ಇಟ್ಟಿರೋದು. ತಗೊಂಡು ಹೋಗು," ಎಂದ ಗಂಡ, ತಲೆ ಎತ್ತದೆ.

ವ್ಯಾಪಾರಿ ಗೊಣಗುತ್ತ ಹೋದ. ಅವಳು ಒಳಗೆ ಬಂದಳು. ಸುತ್ತ ಬಿಚ್ಚಿಟ್ಟ ತಕ್ಕಡಿಗಳು, ಸ್ಪ್ರಿಂಗುಗಳು, ಸಾಲಾಗಿ ಕೂತ ಕಬ್ಬಿಣದ ಕಲ್ಲುಗಳು.

"ಅವನಿಗೆ ನೂರು ಗ್ರಾಂ ಆಗಲ್ಲ ಅಂದ್ರಿ. ನನಗೆ ಐದು ಕಿಲೋ ಹೇಗೆ ಆಯ್ತು?"

ಅವನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಅಲ್ಲೇ ನಿಂತಿತು. ಸುಳ್ಳು ಹೇಳಲು ಬಾರದ ಮುಖ ಅವನದು. ಕಿವಿ ಕೆಂಪಾಯಿತು.

"ಯಾರು ಹೇಳಿದ್ರು?"

"ಡಾಕ್ಟರ ಯಂತ್ರ ಹೇಳ್ತು. ನಿಮ್ಮದೇ ಸಹಿ ಇತ್ತು."

ಅವನು ಸ್ಟೂಲು ಮುಂದೆ ತಳ್ಳಿದ. ಅವಳು ಕೂರಲಿಲ್ಲ.

"ಒಂದು ದಿನ ಬೆಳಗ್ಗೆ ನೀನು ಗೋಡೆ ಹಿಡ್ಕೊಂಡು ಮನೆ ಯಂತ್ರದ ಮೇಲೆ ನಿಂತಿದ್ದೆ," ಎಂದ. "ಅಳ್ತಾ ಇದ್ದೆ. ಶಬ್ದಾನೇ ಇರಲಿಲ್ಲ. ನನಗೆ ನೋಡೋಕಾಗಲಿಲ್ಲ. ನಿನ್ನ ಕಷ್ಟ ಕಳೆಯೋ ವಿದ್ಯೆ ನನಗೆ ಗೊತ್ತಿಲ್ಲ. ಗೊತ್ತಿರೋದು ಸ್ಕ್ರೂ ತಿರುಗಿಸೋದು ಒಂದೇ. ತಿರುಗಿಸಿದೆ."

"ಅಂದ್ರೆ ನಿಮಗೂ ನಾನು ಭಾರ ಅನ್ನಿಸ್ತು."

"ನನಗೆ ಯಾಕೆ ಅನ್ನಿಸುತ್ತೆ?"

"ಮತ್ತೆ ಆ ಹೆಸರು ಹಿಡಿದು ಕರೆಯೋದು ಯಾಕೆ ಬಿಟ್ರಿ?"

"ಆ ಅಂಗಡೀಲಿ ನಿನ್ನ ಮುಖ ನೋಡಿದೆ. ಆ ಹುಡುಗಿ ನಕ್ಕಿದ್ದು ನನ್ನಿಂದಾಗಿ. ಇನ್ನೊಂದು ಸಲ ಆ ಮುಖ ನೋಡೋ ಧೈರ್ಯ ಇರಲಿಲ್ಲ." ಅವನು ಎಣ್ಣೆ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಲೇ ಇದ್ದ. "ಅದಾದ ಮೇಲೆ ನೀನು ದಿಂಬು ತಗೊಂಡು ಹೋದೆ. ಇವಳಿಗೆ ನಾನು ಸಾಕಾದೆ ಅಂದ್ಕೊಂಡೆ. ಸಾಕಾದೋರನ್ನ ಬಲವಂತ ಮಾಡೋದು ಹೇಗೆ?"

ಅವಳಿಗೆ ಡಾಕ್ಟರಮ್ಮನ ಮಾತು ನೆನಪಾಯಿತು. ಮೂವತ್ತು ವರ್ಷ ಜೊತೆಗಿದ್ದವನಿಗೆ ಒಂದು ಮಾತು ಹೇಳಲು ನಾಲಿಗೆ ಏಳುತ್ತಿಲ್ಲವಲ್ಲ. ಹೇಳದಿದ್ದರೆ ಇನ್ನೂ ಎಷ್ಟು ವರ್ಷ ಆ ಕೋಣೆ?

"ನೋವಾಗುತ್ತೆ ರೀ," ಎಂದಳು. "ನೀವು ಹತ್ತಿರ ಬಂದ್ರೆ ನನಗೆ ನೋವಾಗುತ್ತೆ. ತಡೆಯೋಕಾಗದಷ್ಟು. ಮುಟ್ಟು ನಿಂತಾಗಿಂದ ಹೀಗೇ. ಹೇಳೋಕೆ ನಾಚಿಕೆ ಆಯ್ತು. ಅದಕ್ಕೇ ಹೋದೆ. ನೀವು ಸಾಕಾಗಿದ್ದಕ್ಕಲ್ಲ."

ಅವನು ಅವಳನ್ನೇ ನೋಡಿದ. ಕಣ್ಣು ತುಂಬಿಕೊಂಡಿತು.

"ನಾನು ನಿನಗೆ ನೋವು ಕೊಡ್ತಿದ್ನಾ? ನೀನು ಸುಮ್ನೆ ಸಹಿಸ್ಕೊಂಡ್ಯಾ?"

"ನಿಮಗೆ ಗೊತ್ತಿರಲಿಲ್ಲ."

"ಗೊತ್ತಾಗಬೇಕಿತ್ತು. ಊರಲ್ಲಿರೋ ಯಂತ್ರಗಳ ಹತ್ತಿರ ಎಲ್ಲಿ ನೋವು ಅಂತ ಕೇಳ್ತೀನಿ. ಮನೇಲಿ ಕೇಳಲಿಲ್ಲ."

ಅವಳು ಕೈಚೀಲದಿಂದ ಎರಡು ಟ್ಯೂಬು ತೆಗೆದು ತಕ್ಕಡಿಯ ತಟ್ಟೆಯ ಮೇಲಿಟ್ಟಳು. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳು, ಹಾರ್ಮೋನು, ಚರ್ಮ, ಕೆಲವು ವಾರ. ಅವನು ಕನ್ನಡಕ ಹಾಕಿಕೊಂಡು ಪೆಟ್ಟಿಗೆಯ ಮೇಲಿನ ಸಣ್ಣ ಅಕ್ಷರವನ್ನೆಲ್ಲ ಓದಿದ. ಹೊಸ ಯಂತ್ರದ ಜೊತೆ ಬರುವ ಪುಸ್ತಕವನ್ನು ಓದುವಷ್ಟೇ ಶ್ರದ್ಧೆ.

"ಇದು ನಿನ್ನ ಔಷಧಿ. ವಾಸಿ ಆಗೋವರೆಗೂ, ಆದ ಮೇಲೂ, ನೀನು ಹೂಂ ಅಂದಾಗ ಹೂಂ. ನನಗೆ ಆತುರ ಇಲ್ಲ," ಎಂದ. ಆಮೇಲೆ ದನಿ ತಗ್ಗಿಸಿ, "ಪಕ್ಕದಲ್ಲಿ ನೀನು ಮಲಗಿರೋದೇ ಸಾಕಿತ್ತು ಕಣೇ. ಎರಡು ವರ್ಷ ನನಗೆ ನಿದ್ದೇನೇ ಸರಿ ಬಂದಿಲ್ಲ," ಎಂದ.

ಅವಳಿಗೆ ಅಳು ಬಂತು. ಅತ್ತಳು. ಅವನು ಎಣ್ಣೆ ಕೈಯಲ್ಲಿ ಕಣ್ಣೊರೆಸಲು ಬಂದ. "ಮುಖಕ್ಕೆಲ್ಲ ಗ್ರೀಸು ಮೆತ್ತಬೇಡಿ," ಎಂದು ತಳ್ಳಿದಳು. ಆದರೆ ಬಹಳ ದೂರಕ್ಕೇನೂ ತಳ್ಳಲಿಲ್ಲ.

ಅಂದು ಅವನು ಮಧ್ಯಾಹ್ನವೇ ಬಾಗಿಲು ಎಳೆದ. ಹೆಗಲ ಮೇಲೆ ಕಲ್ಲಿನ ಚೀಲ ಹೊತ್ತು ಅವಳ ಪಕ್ಕದಲ್ಲಿ ನಡೆದ. ದಾರಿಯಲ್ಲಿ ಹಳೆಯ ಟಾಕೀಸಿನ ಜಾಗ ಸಿಕ್ಕಿತು. ಈಗಲ್ಲಿ ಟೈಲ್ಸ್ ಅಂಗಡಿ. ಇಬ್ಬರೂ ಗಾಜಿನ ಆಚೆ ಆ ಮೂಲೆಯನ್ನು ನೋಡಿದರು. ಯಂತ್ರ ಇದ್ದ ಕಡೆ ನೀಲಿ ಟೈಲ್ಸು ಒರಗಿಸಿದ್ದರು.

"ಆ ಚೀಟಿ ಏನು ಮಾಡಿದ್ರಿ?" ಎಂದು ಕೇಳಿದಳು.

"ಯಾವ ಚೀಟಿ?" ಎಂದ ಅವನು. ಎಲ್ಲ ಗೊತ್ತಿದ್ದೂ ಹೀಗೆ ಕೇಳುವುದರಲ್ಲಿ ಅವನು ನಿಸ್ಸೀಮ.

ಮನೆಯಲ್ಲಿ ಅವನು ಯಂತ್ರವನ್ನು ಹಜಾರಕ್ಕೆ ತಂದು ಬೋರಲು ಹಾಕಿದ. ಅಡಿಯ ಸ್ಕ್ರೂ ತಿರುಗಿಸಿ, ನೆಟ್ಟಗಿಟ್ಟು, ಚೀಲದಿಂದ ಕಲ್ಲುಗಳನ್ನು ಒಂದೊಂದಾಗಿ ತೆಗೆದು ಅದರ ಮೇಲೆ ಪೇರಿಸಿ, ಇಳಿಸಿ, ಮತ್ತೆ ಪೇರಿಸಿ, ತೂಕ ಸರಿ ಮಾಡಿದ. ಕಿಟಕಿಯಿಂದ ಬಿದ್ದ ಬಿಸಿಲಿನಲ್ಲಿ ಅವನ ತಲೆಯ ಬಿಳಿ ಕೂದಲು ಕಂಡಿತು. ಕಿವಿಯ ಹಿಂದೆ ಇವತ್ತೂ ಪೆನ್ಸಿಲು. ಎಲ್ಲ ಮುಗಿಸಿ ಅವನು ತಲೆ ಎತ್ತಿದ.

"ನಿಮ್ಮ ತೂಕ ಎಷ್ಟು?"

ಬಹುವಚನದಲ್ಲಿ ಕೇಳಿದ್ದ, ಥೇಟ್ ಅಂದಿನ ಹಾಗೆಯೇ.

ಮನೆಯೊಳಗೆ ಹಾಕುವ ಚಪ್ಪಲಿ ಬಿಟ್ಟಳು. ಹತ್ತಿ ನಿಂತಳು. ಗೋಡೆ ಹಿಡಿಯಲಿಲ್ಲ.

"ಎಪ್ಪತ್ತೊಂದು," ಎಂದಳು. ಗಟ್ಟಿಯಾಗಿಯೇ ಹೇಳಿದಳು. ಮುಳ್ಳು ಸುಳಿದಾಡಿ ಎಪ್ಪತ್ತೊಂದಕ್ಕೆ ನಿಂತಿತು.

ಆಮೇಲೆ ಅವಳ ಕಣ್ಣು ನೆಲದ ಮೇಲೆ ಬಿತ್ತು. "ಅಲ್ರೀ, ಕಲ್ಲುಗಳನ್ನ ಇಟ್ಟು ಆಗಲೇ ಸರಿ ಮಾಡಿದ್ರಿ. ಚೀಲ ಪಕ್ಕದಲ್ಲೇ ಇದೆ. ನನ್ನನ್ನ ಯಾಕೆ ಕೇಳಿದ್ರಿ?"

"ಅವತ್ತೂ ಪಕ್ಕದಲ್ಲೇ ಇತ್ತು."

ಅವಳು ಚೀಲವನ್ನೂ ಅವನನ್ನೂ ನೋಡಿದಳು.

"ಯಂತ್ರದ ಹಿಂದೆ ಇಟ್ಟಿದ್ದೆ," ಎಂದ ಅವನು. "ನಿನ್ನ ಹತ್ತಿರ ಬರೋ ಮುಂಚೆ ಕೆಲಸ ಎಲ್ಲ ಮುಗಿಸಿದ್ದೆ. ಮಾತಾಡಿಸೋಕೆ ಬೇರೆ ನೆವ ಹೊಳೀಲಿಲ್ಲ. ನೀನು ಹತ್ತಿ ನಲವತ್ತೆಂಟು ಅಂದೆ. ಯಂತ್ರದ ಒಳಗಿನ ಮುಳ್ಳು ಐವತ್ತೊಂದು ಅಂತು."

"ಮತ್ತೆ ಚೀಟಿ?"

"ಸ್ಕ್ರೂ ತಿರುಗಿಸಿದೆ. ಮರುದಿನ ಬೆಳಗ್ಗೆ ಮೊದಲ ಆಟಕ್ಕೆ ಮುಂಚೆ ಬಂದು ಸರಿ ಮಾಡಿದೆ. ನಾನು ಜೀವಮಾನದಲ್ಲಿ ಎರಡೇ ಸಲ ತಪ್ಪು ಸ್ಕ್ರೂ ತಿರುಗಿಸಿರೋದು. ಎರಡೂ ನಿನಗೋಸ್ಕರ."

ಅವನು ಪರ್ಸಿನ ಒಳಜೇಬಿನಿಂದ ಚೀಟಿಯೊಂದನ್ನು ತೆಗೆದ. ಅಂಚೆಲ್ಲ ಸವೆದು ಬಟ್ಟೆಯ ಹಾಗೆ ಮೆತ್ತಗಾಗಿತ್ತು. ಅಚ್ಚು ಮಾಸಿದ್ದರೂ ನಲವತ್ತೆಂಟು ಎಂದು ಓದಬಹುದಿತ್ತು. ಹಿಂದೆ ತಿರುಗಿಸಿದಳು. ಪೆನ್ಸಿಲಿನಲ್ಲಿ ಸಣ್ಣಗೆ ಬರೆದಿತ್ತು: ಐವತ್ತೊಂದು.

ಎರಡು ವರ್ಷ ಅವಳು ಕಣ್ಣೀರು ಹಾಕಿದ್ದು ಆ ನಲವತ್ತೆಂಟು ಕಿಲೋ ಹುಡುಗಿಗಾಗಿ. ಅಂಥ ಹುಡುಗಿ ಲೋಕದಲ್ಲಿ ಇರಲೇ ಇಲ್ಲ. ಅದು ಈ ಮನುಷ್ಯನಿಗೆ ಮೊದಲ ದಿನದಿಂದ ಗೊತ್ತಿತ್ತು. ಗೊತ್ತಿದ್ದೂ ಹನ್ನೊಂದು ಸಲ ಸಿನಿಮಾ ನೋಡಿದ, ಮದುವೆಯಾದ, ಮೂವತ್ತು ವರ್ಷ ಚೀಟಿ ಜೋಪಾನ ಮಾಡಿದ.

"ಸುಳ್ಳು ಅಂತ ಗೊತ್ತಿದ್ದೂ ಅದೇ ಹೆಸರಲ್ಲಿ ಕರೆದ್ರಾ?"

"ನೀನು ನನಗೆ ಹೇಳಿದ ಮೊದಲ ಸುಳ್ಳು ಅದು. ನಾನು ಚೆನ್ನಾಗಿ ಕಾಣಿಸ್ಬೇಕು ಇವನಿಗೆ ಅಂತ ಒಬ್ಬ ಹುಡುಗಿ ನನ್ನ ಮುಂದೆ ಸುಳ್ಳು ಹೇಳಿದ್ಲು. ನನ್ನಂಥವನ ಮುಂದೆ. ಅದನ್ನ ನಾನು ಹೇಗೆ ಮರೀಲಿ?"

ಅವಳು ನಗುತ್ತ ಅಳುತ್ತ ಯಂತ್ರದ ಮೇಲೆಯೇ ನಿಂತಿದ್ದಳು. ಮುಳ್ಳು ಆ ನಗುವಿಗೆ ಎಪ್ಪತ್ತೊಂದರ ಆಚೀಚೆ ಕುಣಿಯುತ್ತಿತ್ತು.

"ಇಳಿ ಕೆಳಗೆ ನಲವತ್ತೆಂಟು," ಎಂದ ಅವನು, ಕೈ ಚಾಚಿ. "ಸ್ಪ್ರಿಂಗು ಹಾಳಾಗುತ್ತೆ."

ಅವಳು ಆ ಕೈ ಹಿಡಿದು ಇಳಿದಳು. ಮಗಳ ಕೋಣೆಗೆ ಹೋಗಿ ದಿಂಬು ಎತ್ತಿಕೊಂಡು ಬಂದಳು.